‘ಅಲೌ’ ಗುಂಡಿಯ ಮೇಲೆ ಯಾರ ಬೆರಳು?

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳಿಗೆ ಗಣಕಯಂತ್ರವು ಅಪರಿಚಿತ ವಸ್ತುವಲ್ಲ. ಐ.ಸಿ.ಟಿ. ಪಾಠಪುಸ್ತಕವು ಅವರ ಕೈಗೆ ಕನ್ನಡದಲ್ಲಿಯೇ ಬರುತ್ತದೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಕೈಟ್ ಸಂಸ್ಥೆಯು ಸಿದ್ಧಪಡಿಸಿದ ಗ್ನು ಲಿನಕ್ಸ್ ವ್ಯವಸ್ಥೆ ಇರುತ್ತದೆ. 2018ರಲ್ಲಿ ಆರಂಭವಾದ ಲಿಟ್ಲ್ ಕೈಟ್ಸ್ ಕೂಟಗಳಲ್ಲಿ ಸೇರಿದವರು ಅನಿಮೇಶನ್, ಪ್ರೋಗ್ರಾಮಿಂಗ್‌ಗಳ ರುಚಿಯನ್ನೂ ಕಂಡಿರುತ್ತಾರೆ. ಆ ಪ್ರಯೋಗಾಲಯದ ಯೋಗಕ್ಷೇಮವನ್ನು ವಿಚಾರಿಸಲು ಎಸ್.ಐ.ಟಿ.ಸಿ. ಎಂಬ ಹೊಣೆ ಹೊತ್ತ ಅಧ್ಯಾಪಕರೊಬ್ಬರು ಇರುತ್ತಾರೆ. ಮನೆಯ ಗಣಕಯಂತ್ರಕ್ಕೆ ಅಂತಹ ಪಾಲಕರು ಯಾರೂ ಇಲ್ಲ. ಅದು ಸಾಮಾನ್ಯವಾಗಿ ಅಣ್ಣನೋ ಮಾವನೋ ಬಳಸಿ ಬಿಟ್ಟುಕೊಟ್ಟ ವಿಂಡೋಸ್ ಯಂತ್ರ. ಅದರೊಳಗೆ ಯಾರು ಯಾವ ತಂತ್ರಾಂಶವನ್ನು ಯಾವ ಕಾಲದಲ್ಲಿ ಹಾಕಿದ್ದರೆಂಬುದು ಮನೆಯವರಿಗೆ ನೆನಪಿರುವುದಿಲ್ಲ.

ಅಂತಹ ಯಂತ್ರದ ಪರದೆಯ ಮೇಲೆ ಒಂದು ಸಂಜೆ ಚಿಕ್ಕದೊಂದು ಚೌಕಟ್ಟು ಮೂಡುತ್ತದೆ. ಹೊಸದಾಗಿ ಹಾಕಿದ ತಂತ್ರಾಂಶವೊಂದರ ಕೆಲವು ಸೌಲಭ್ಯಗಳನ್ನು ವಿಂಡೋಸ್ ಫೈರ್‌ವಾಲ್ ತಡೆದಿದೆಯೆಂದೂ ಅದಕ್ಕೆ ಅನುಮತಿ ಕೊಡಬೇಕೇ ಎಂದೂ ಅದು ಇಂಗ್ಲಿಷಿನಲ್ಲಿ ಕೇಳುತ್ತದೆ. ಕೆಳಗೆ ಎರಡು ಗುಂಡಿಗಳು: ‘ಅಲೌ’ ಮತ್ತು ‘ಕ್ಯಾನ್ಸಲ್’. ಮನೆಯ ಯಜಮಾನರು ಕನ್ನಡದಲ್ಲಿ ಪತ್ರಿಕೆಯನ್ನು ಆದಿಯಿಂದ ಅಂತ್ಯದವರೆಗೆ ಓದುವವರು, ಜಾಗದ ಆಧಾರಪತ್ರದ ಒಂದು ಸಾಲನ್ನೂ ತಿಳಿಯದೆ ಸಹಿ ಹಾಕದವರು. ಈ ಚೌಕಟ್ಟಿನ ಮುಂದೆ ಮಾತ್ರ ಅವರು ಎಂಟನೆಯ ತರಗತಿಯ ಮಗನನ್ನು ಕರೆಯುತ್ತಾರೆ. ಮಗನಿಗೆ ಬೇಕಾಗಿರುವುದು ಆಟ. ‘ಅಲೌ’ ಒತ್ತಿದರೆ ಚೌಕಟ್ಟು ಮಾಯವಾಗುತ್ತದೆ ಎಂಬುದು ಅವನ ಅನುಭವ. ಹೀಗೆ ಮನೆಯ ಹೆಬ್ಬಾಗಿಲನ್ನು ಯಾರಿಗೆ ತೆರೆಯಬೇಕೆಂಬ ತೀರ್ಮಾನವು, ಭಾಷೆಯ ಒಂದೇ ಕಾರಣದಿಂದ, ಮನೆಯಲ್ಲಿ ಅತ್ಯಂತ ಕಡಮೆ ಹೊಣೆಯಿರುವವನ ಬೆರಳಿಗೆ ಹೋಗುತ್ತದೆ. ಉಚಿತ ಫೈರ್‌ವಾಲ್‌ಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುವ ರಕ್ಷಕರು ಮೊದಲು ಯೋಚಿಸಬೇಕಾದುದು ಈ ಬೆರಳಿನ ವಿಷಯವನ್ನು.

ಫೈರ್‌ವಾಲ್ ಎಂಬ ಹೆಸರಿನ ಮೂಲ ಕಟ್ಟಡಗಳ ಲೋಕದಲ್ಲಿದೆ. ಒಂದಕ್ಕೊಂದು ತಾಗಿ ಕಟ್ಟಿದ ಮನೆಗಳ ಸಾಲಿನಲ್ಲಿ ಒಂದು ಮನೆಗೆ ಹತ್ತಿದ ಬೆಂಕಿ ಪಕ್ಕದ ಮನೆಗೆ ದಾಟದಂತೆ ಎಬ್ಬಿಸುವ ದಪ್ಪ ಗೋಡೆ ಅದು. ಗಣಕಯಂತ್ರದ ಲೋಕಕ್ಕೆ ಬಂದ ಮೇಲೆ ಹೆಸರು ಸ್ವಲ್ಪ ದಾರಿ ತಪ್ಪಿತೆನ್ನಬೇಕು. ಬೆಂಕಿಗೋಡೆಗೆ ಬಾಗಿಲೇ ಇರಬಾರದು, ಫೈರ್‌ವಾಲಿನ ಕೆಲಸವಿರುವುದಾದರೋ ಬಾಗಿಲಿನಲ್ಲಿಯೇ. ಜಾಲಕ್ಕೆ ಸೇರಿದ ಪ್ರತಿ ಯಂತ್ರಕ್ಕೂ ‘ಪೋರ್ಟ್’ ಎಂಬ ಸಂಖ್ಯೆ ಹೊತ್ತ ಬಾಗಿಲುಗಳಿವೆ, ಒಟ್ಟು 65,535. ಅವುಗಳಲ್ಲಿ ಬಹುತೇಕ ಎಲ್ಲವೂ ಮುಚ್ಚಿಯೇ ಇರುತ್ತವೆ. ಯಾವುದಾದರೂ ತಂತ್ರಾಂಶವು ಒಳಗಿನಿಂದ ಕಿವಿಗೊಟ್ಟು ಕುಳಿತಾಗ ಮಾತ್ರ ಒಂದು ಬಾಗಿಲು ತೆರೆಯುತ್ತದೆ. ಆ ಬಾಗಿಲಿಗೆ ಹೊರಗಿನಿಂದ ಬಂದವರನ್ನು ಬಿಡಬೇಕೋ ಬಾರದೋ ಎಂದು ನೋಡುವುದು ಫೈರ್‌ವಾಲಿನ ಕೆಲಸ.

ಹಾಗಾದರೆ ಒಳಬರುವುದನ್ನೆಲ್ಲ ತಡೆದರೆ ಸಮಗ್ರ ಪೋರ್ಟಲಿನ ಪಾಠ ಒಳಗೆ ಬರುವುದೆಂತು ಎಂಬ ಸಂಶಯ ಸಹಜ. ಇದಕ್ಕೆ ಗಡಿನಾಡಿನವರಿಗೆ ದೂರದ ಉದಾಹರಣೆ ಬೇಕಾಗಿಲ್ಲ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದವರು ಪಟ್ಟ ಪಾಡು ಇನ್ನೂ ಹಸಿಯಾಗಿದೆ. ಅನಂತರ ನಿತ್ಯ ಪ್ರಯಾಣಿಕರಿಗೆ ಪಾಸ್ ನೀಡುವ ವ್ಯವಸ್ಥೆ ಬಂತು. ಪಾಸ್ ಹಿಡಿದು ಬೆಳಗ್ಗೆ ದಾಟಿ ಹೋದವರು ಸಂಜೆ ಅದರ ಬಲದಿಂದಲೇ ಮರಳಿದರು. ಇಂದಿನ ಫೈರ್‌ವಾಲ್‌ಗಳು ನಡೆಯುವುದು ಸರಿಸುಮಾರು ಹೀಗೆಯೇ. ಮನೆಯ ಯಂತ್ರವು ತಾನಾಗಿ ಒಂದು ಪುಟವನ್ನು ಕೇಳಿ ಕಳುಹಿಸಿದ್ದರೆ ಅದರ ಉತ್ತರ ಮರಳಿ ಬರುವಾಗ ತಡೆಯಿಲ್ಲ. ಯಾರೂ ಕರೆಯದೆ ಹೊರಗಿನಿಂದ ಬಾಗಿಲು ತಟ್ಟಿದವನಿಗೆ ಮಾತ್ರ ಪ್ರವೇಶವಿಲ್ಲ. ‘ಒಳಬರುವುದು ನಿಷಿದ್ಧ, ಹೊರಹೋಗುವುದು ಮುಕ್ತ’ ಎಂಬ ಒಂದೇ ನಿಯಮದಿಂದ ಮನೆಯ ತೊಂಬತ್ತು ಪಾಲು ಅಗತ್ಯ ಮುಗಿಯುವುದು ಈ ಕಾರಣದಿಂದ.

ಈ ನಿಯಮದ ಬೆಲೆ ಜಗತ್ತಿಗೆ ತಿಳಿದದ್ದು 2003ರ ಆಗಸ್ಟಿನಲ್ಲಿ. ಬ್ಲಾಸ್ಟರ್ ಎಂಬ ಹುಳವು 135ನೆಯ ಸಂಖ್ಯೆಯ ಪೋರ್ಟಿನ ಮೂಲಕ ವಿಂಡೋಸ್ ಯಂತ್ರಗಳನ್ನು ಹೊಕ್ಕಿತು. ಬಳಕೆದಾರರು ಯಾವ ಕೊಂಡಿಯನ್ನೂ ಒತ್ತಬೇಕಾಗಿರಲಿಲ್ಲ, ಯಾವ ಕಡತವನ್ನೂ ತೆರೆಯಬೇಕಾಗಿರಲಿಲ್ಲ. ಯಂತ್ರವು ಜಾಲಕ್ಕೆ ಸೇರಿದ್ದರೆ ಸಾಕಾಗಿತ್ತು. ದೋಷವನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಜುಲೈಯಲ್ಲಿಯೇ ಹೊರತಂದಿತ್ತು. ಇದಕ್ಕಿಂತ ವಿಚಿತ್ರವೆಂದರೆ, ವಿಂಡೋಸ್ ಎಕ್ಸ್‌ಪಿಯೊಳಗೆ ಫೈರ್‌ವಾಲ್ ಕೂಡ ಇತ್ತು. ಆದರೆ ಅದನ್ನು ಆರಿಸಿಟ್ಟ ಸ್ಥಿತಿಯಲ್ಲಿಯೇ ಗ್ರಾಹಕರಿಗೆ ಕೊಡಲಾಗಿತ್ತು. ಕಾವಲುಗಾರನನ್ನು ನೇಮಿಸಿ ಮಲಗಲು ಹೇಳಿದಂತಾಯಿತು. ಮರುವರ್ಷ, 2004ರ ಆಗಸ್ಟಿನಲ್ಲಿ ಬಂದ ಎರಡನೆಯ ಸರ್ವಿಸ್ ಪ್ಯಾಕಿನೊಂದಿಗೆ ಫೈರ್‌ವಾಲ್ ತಾನಾಗಿ ಚಾಲೂ ಆಗುವ ಪದ್ಧತಿ ಬಂತು. ಅಂದಿನಿಂದ ಇಂದಿನವರೆಗೆ ಪ್ರತಿಯೊಂದು ವಿಂಡೋಸಿನಲ್ಲಿಯೂ ಅದು ಹಾಗೆಯೇ ಇದೆ. ಅಂದರೆ ಉಚಿತ ಫೈರ್‌ವಾಲನ್ನು ಹುಡುಕಿ ಹೊರಟವರ ಮನೆಯೊಳಗೆ ಅದು ಈಗಾಗಲೇ ಬಂದು ಕುಳಿತಿದೆ.

ಆದರೂ ಹುಡುಕುವವರು ಹುಡುಕುತ್ತಾರೆ, ಅಲ್ಲಿಯೇ ಮೊದಲ ಅಪಾಯವಿರುವುದು. ‘ಉಚಿತ’ ಎಂಬ ಮಾತಿಗೆ ಎರಡು ಅರ್ಥಗಳಿವೆ. ಕೇರಳದ ಶಾಲೆಗಳಲ್ಲಿ ಕಲಿತ ಮಕ್ಕಳು ಮಲಯಾಳದ ‘ಸ್ವತಂತ್ರ ಸಾಫ್ಟ್‌ವೇರ್’ ಎಂಬ ಮಾತನ್ನು ಕೇಳಿಯೇ ಬೆಳೆದವರಾದುದರಿಂದ ಈ ಭೇದ ಅವರಿಗೆ ಬೇಗ ತಿಳಿಯುತ್ತದೆ. ಒಂದು, ಹಣ ಕೊಡಬೇಕಾಗಿಲ್ಲದ್ದು. ಇನ್ನೊಂದು, ಅದರ ಮೂಲಬರಹವನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದಾದದ್ದು. ಮೊದಲನೆಯ ಬಗೆಯದರ ಬೆಲೆಯನ್ನು ಬೇರೆ ರೂಪದಲ್ಲಿ ತೆರಬೇಕಾಗಿ ಬರುವುದುಂಟು. ಭದ್ರತಾ ತಂತ್ರಾಂಶದ ಪ್ರಸಿದ್ಧ ಕಂಪೆನಿಯಾದ ಅವಾಸ್ಟ್, ತನ್ನ ಬಳಕೆದಾರರು ಅಂತರ್ಜಾಲದಲ್ಲಿ ಎಲ್ಲೆಲ್ಲಿ ಸುತ್ತಾಡಿದರೆಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದುದು ಬಯಲಾಗಿ, 2020ರ ಜನವರಿಯಲ್ಲಿ ಆ ಸಂಸ್ಥೆಯನ್ನು ಮುಚ್ಚಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಶನ್ 2024ರ ಫೆಬ್ರವರಿಯಲ್ಲಿ ಅದೇ ಪ್ರಕರಣದಲ್ಲಿ 1.65 ಕೋಟಿ ಡಾಲರ್ ತೆರುವಂತೆ ಮಾಡಿತು. ಕಾವಲಿಗೆ ನಿಂತವನೇ ಮನೆಯ ದಿನಚರಿಯನ್ನು ಸಂತೆಯಲ್ಲಿ ಮಾರಿದ ಕಥೆ ಇದು. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಯನ್ನು ಒತ್ತಿ, ಫೈರ್‌ವಾಲೆಂದು ತಿಳಿದು ಬೇರೇನನ್ನೋ ಇಳಿಸಿಕೊಳ್ಳುವವರ ಪಾಡು ಇದಕ್ಕಿಂತಲೂ ಕಷ್ಟದ್ದು. ಅಂತಹವು ಯಂತ್ರದಲ್ಲಿ ನೂರಾರು ದೋಷಗಳಿವೆಯೆಂದು ಹೆದರಿಸಿ ಹಣ ಕೇಳುತ್ತವೆ.

ಒಂದು ಕಾಲದಲ್ಲಿ ಜೋನ್‌ಅಲಾರ್ಮ್, ಕೊಮೊಡೊ ಎಂಬ ಹೆಸರುಗಳು ಮನೆಮಾತಾಗಿದ್ದವು. ವಿಂಡೋಸಿನ ಒಳಗಿನ ಕಾವಲು ದುರ್ಬಲವಾಗಿದ್ದ ದಿನಗಳಲ್ಲಿ ಅವು ದೊಡ್ಡ ಉಪಕಾರ ಮಾಡಿದವು. ಆದರೆ ಈ ವರ್ಗದ ತಂತ್ರಾಂಶಗಳ ಸ್ವಭಾವವೇನೆಂದರೆ ಅವು ಪ್ರಶ್ನೆ ಕೇಳುತ್ತವೆ. ಯಾವುದೋ ಕಡತವು ಯಾವುದೋ ವಿಳಾಸವನ್ನು ಸಂಪರ್ಕಿಸಬಯಸುತ್ತಿದೆ, ಬಿಡಲೇ ಎಂದು ದಿನಕ್ಕೆ ಹತ್ತು ಸಲ, ಮೊದಲ ವಾರದಲ್ಲಿ ಐವತ್ತು ಸಲ. ಜಾಲದ ಮರ್ಮ ಬಲ್ಲವನಿಗೆ ಆ ಪ್ರಶ್ನೆಗಳು ಅಮೂಲ್ಯ. ಚೌಕಟ್ಟಿನ ಭಾಷೆಯೇ ಪರಕೀಯವಾದ ಮನೆಗೆ ಅವು ಕೇವಲ ಕಿರಿಕಿರಿ. ಮೂರನೆಯ ದಿನದಿಂದ ಎಲ್ಲಕ್ಕೂ ‘ಅಲೌ’ ಎಂಬ ಒಂದೇ ಉತ್ತರ ಸಿಗತೊಡಗುತ್ತದೆ, ಅಲ್ಲಿಗೆ ಕಾವಲು ಇದ್ದೂ ಇಲ್ಲದಂತಾಯಿತು. ಆದುದರಿಂದ ಕನ್ನಡ ಮಾಧ್ಯಮದ ಮಕ್ಕಳಿರುವ ಮನೆಗೆ ಫೈರ್‌ವಾಲನ್ನು ಆರಿಸುವಾಗ ಅದರ ಶಕ್ತಿಗಿಂತ ಮೊದಲು ಅದರ ಮೌನವನ್ನು ನೋಡುವುದು ಲೇಸು. ಈ ದೃಷ್ಟಿಯಿಂದ ವಿಂಡೋಸಿನೊಂದಿಗೇ ಬರುವ ಫೈರ್‌ವಾಲಿಗೆ ಸಮನಾದುದು ಸದ್ಯಕ್ಕೆ ಇನ್ನೊಂದಿಲ್ಲ. ಅದಕ್ಕೆ ಬೇರೆ ತಂತ್ರಾಂಶ ಇಳಿಸಬೇಕಾಗಿಲ್ಲ, ಅದು ತಾನಾಗಿ ನವೀಕರಣಗೊಳ್ಳುತ್ತದೆ, ಅಪರೂಪಕ್ಕೆ ಮಾತ್ರ ಬಾಯಿ ತೆರೆಯುತ್ತದೆ.

ಅದನ್ನು ಸರಿಪಡಿಸಿಕೊಳ್ಳಲು ಅರ್ಧ ಗಂಟೆ ಸಾಕು. ‘ವಿಂಡೋಸ್ ಸೆಕ್ಯುರಿಟಿ’ ಎಂದು ಹುಡುಕಿ ತೆರೆದು, ಅದರೊಳಗೆ ‘ಫೈರ್‌ವಾಲ್ ಆಂಡ್ ನೆಟ್‌ವರ್ಕ್ ಪ್ರೊಟೆಕ್ಷನ್’ ಎಂಬ ಭಾಗಕ್ಕೆ ಹೋದರೆ ಡೊಮೈನ್, ಪ್ರೈವೇಟ್, ಪಬ್ಲಿಕ್ ಎಂಬ ಮೂರು ಹೆಸರುಗಳು ಕಾಣುತ್ತವೆ. ಮೂರರ ಬಳಿಯೂ ಹಸುರು ಗುರುತು ಇರಬೇಕು. ಇರದಿದ್ದರೆ ಆ ಹೆಸರನ್ನು ಒತ್ತಿ ಒಳಗಿನ ಸ್ವಿಚ್ಚನ್ನು ಚಾಲೂ ಮಾಡಬೇಕು. ಕೆಲವು ಯಂತ್ರಗಳಲ್ಲಿ ಇಲ್ಲಿ ಬೇರೊಂದು ಕಂಪೆನಿಯ ಹೆಸರು ಕಾಣುವುದುಂಟು. ಲ್ಯಾಪ್‌ಟಾಪಿನೊಂದಿಗೆ ಪರೀಕ್ಷಾವಧಿಗೆಂದು ಬಂದ ಭದ್ರತಾ ತಂತ್ರಾಂಶವು ಕಾವಲನ್ನು ತಾನು ವಹಿಸಿಕೊಂಡಿದೆಯೆಂದು ಅದರ ಅರ್ಥ. ಅದರ ಅವಧಿ ಮುಗಿದಿದ್ದು ಹಣ ಕಟ್ಟುವ ಉದ್ದೇಶವಿಲ್ಲದಿದ್ದರೆ ಅದನ್ನು ಪೂರ್ತಿಯಾಗಿ ತೆಗೆದುಹಾಕಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ, ಹಸುರು ಗುರುತುಗಳು ಮರಳಿದುವೇ ಎಂದು ನೋಡಬೇಕು. ಎರಡು ಪೂರ್ಣ ಪ್ರಮಾಣದ ಫೈರ್‌ವಾಲ್‌ಗಳನ್ನು ಒಟ್ಟಿಗೆ ಇಟ್ಟುಕೊಳ್ಳುವುದರಿಂದ ಭದ್ರತೆ ಇಮ್ಮಡಿಯಾಗುವುದಿಲ್ಲ, ಜಗಳ ಮಾತ್ರ ಇಮ್ಮಡಿಯಾಗುತ್ತದೆ.

ಮೂರು ಹೆಸರುಗಳಲ್ಲಿ ಡೊಮೈನ್ ಎಂಬುದು ಕಚೇರಿಗಳಿಗೆ ಸಂಬಂಧಿಸಿದ್ದು, ಮನೆಯವರು ಮರೆಯಬಹುದು. ಪ್ರೈವೇಟ್, ಪಬ್ಲಿಕ್ ಎಂಬ ಎರಡರ ಭೇದದಲ್ಲಿ ಮಾತ್ರ ಬಹಳಷ್ಟು ಅಡಗಿದೆ. ಪ್ರೈವೇಟ್ ಎಂದರೆ ಜಾಲದಲ್ಲಿರುವ ಇತರ ಯಂತ್ರಗಳನ್ನು ನಂಬಬಹುದೆಂಬ ಘೋಷಣೆ. ಮುದ್ರಣಯಂತ್ರ, ಹಂಚಿಕೊಂಡ ಕಡತಗಳು ಇತ್ಯಾದಿಗಳಿಗಾಗಿ ಕೆಲವು ಬಾಗಿಲುಗಳು ಆಗ ಸಡಿಲವಾಗುತ್ತವೆ. ಪಬ್ಲಿಕ್ ಎಂದರೆ ಯಾರನ್ನೂ ನಂಬದ ಸ್ಥಿತಿ. ಹೆಸರು ಕೇಳಿ ಮೋಸ ಹೋಗುವವರೇ ಹೆಚ್ಚು: ಮನೆಯದು ಖಾಸಗಿ ಜಾಲ, ಆದುದರಿಂದ ಪ್ರೈವೇಟ್ ಎಂದು ಆರಿಸುವುದೇ ಸುರಕ್ಷಿತವೆಂದು ಭಾವಿಸುತ್ತಾರೆ. ವಾಸ್ತವವು ಇದಕ್ಕೆ ವಿರುದ್ಧ. 2017ರ ಮೇ 12ರಂದು ಆರಂಭವಾದ ವನ್ನಾಕ್ರೈ ದಾಳಿಯು ಹಬ್ಬಿದ್ದು ಕಡತ ಹಂಚಿಕೆಯ 445ನೆಯ ಪೋರ್ಟಿನ ಮೂಲಕ. ಒಂದು ಯಂತ್ರಕ್ಕೆ ಹತ್ತಿದುದು ಅದೇ ಜಾಲದಲ್ಲಿ ಪರಸ್ಪರ ನಂಬಿ ಕುಳಿತ ಇತರ ಯಂತ್ರಗಳಿಗೆ ಹಾರಿತು. ವಯನಾಡಿನ ಗ್ರಾಮ ಪಂಚಾಯತ್ ಕಚೇರಿಯೊಂದರ ಕಂಪ್ಯೂಟರುಗಳು ಕೂಡ ಆಗ ತೆರೆಯದಾದವು. ಅಣ್ಣನ ಫೋನ್, ನೆರೆಮನೆಯವರಿಗೆ ಹೇಳಿಕೊಟ್ಟ ವೈಫೈ ಪಾಸ್‌ವರ್ಡ್, ರಜೆಯಲ್ಲಿ ಬಂದ ನೆಂಟರ ಲ್ಯಾಪ್‌ಟಾಪ್ – ಇವೆಲ್ಲ ಸೇರಿದ ಮನೆಯ ಜಾಲ ಎಷ್ಟು ಖಾಸಗಿ ಎಂಬುದನ್ನು ಅವರವರೇ ಯೋಚಿಸಬಹುದು. ಜಾಲದ ಮೂಲಕ ನಡೆಯುವ ಮುದ್ರಣಯಂತ್ರವೋ ಕಡತ ಹಂಚಿಕೆಯೋ ಇಲ್ಲದ ಮನೆಯಲ್ಲಿ ವೈಫೈಯ ಗುಣಲಕ್ಷಣಗಳ ಪುಟದಲ್ಲಿ ‘ಪಬ್ಲಿಕ್’ ಎಂದೇ ಆರಿಸಿಡುವುದು ಉತ್ತಮ. ಫೋನಿನ ಹಾಟ್‌ಸ್ಪಾಟಿಗಾದರೆ ಎರಡನೆಯ ಮಾತೇ ಬೇಡ.

ಅದೇ ಭಾಗದಲ್ಲಿ ಕೆಳಗೆ ‘ಅಲೌ ಆ್ಯನ್ ಆ್ಯಪ್ ಥ್ರೂ ಫೈರ್‌ವಾಲ್’ ಎಂಬ ಕೊಂಡಿಯಿದೆ. ಅದನ್ನು ಒತ್ತಿದರೆ ಈವರೆಗೆ ಯಾರು ಯಾರಿಗೆ ಅನುಮತಿ ಕೊಟ್ಟಿದ್ದಾರೆಂಬ ಪಟ್ಟಿ ತೆರೆಯುತ್ತದೆ. ಹಳೆಯ ಯಂತ್ರವಾದರೆ ಈ ಪಟ್ಟಿ ಮನೆಯ ಇತಿಹಾಸವನ್ನೇ ಹೇಳೀತು: ಎಂದೋ ಆಡಿ ಬಿಟ್ಟ ಆಟಗಳು, ಸಿನಿಮಾ ಇಳಿಸಲು ಹಾಕಿದ ಟೊರೆಂಟ್ ತಂತ್ರಾಂಶ, ದುರಸ್ತಿಯವರು ದೂರದಿಂದ ನೋಡಲು ಹಾಕಿಕೊಂಡ ಉಪಕರಣ. ಗುರುತು ಸಿಗದ ಹೆಸರುಗಳ ಮುಂದಿನ ಗುರುತನ್ನು ತೆಗೆಯಲು ಹೆದರಬೇಕಾಗಿಲ್ಲ. ಪಟ್ಟಿ ತೀರ ಗೋಜಲಾಗಿದ್ದರೆ ‘ರಿಸ್ಟೋರ್ ಫೈರ್‌ವಾಲ್ಸ್ ಟು ಡಿಫಾಲ್ಟ್’ ಎಂಬುದನ್ನು ಒತ್ತಿ ಎಲ್ಲವನ್ನೂ ಮೂಲಸ್ಥಿತಿಗೆ ತರಬಹುದು. ನಿಜವಾಗಿ ಬೇಕಾದ ತಂತ್ರಾಂಶ ಮತ್ತೆ ಕೇಳಿಕೊಂಡು ಬಂದೀತು.

ಇನ್ನು ಆರಂಭದ ಚೌಕಟ್ಟಿನ ವಿಷಯ. ‘ಕ್ಯಾನ್ಸಲ್’ ಒತ್ತಿದರೆ ತಂತ್ರಾಂಶವೇ ಕೆಲಸ ಮಾಡಲಾರದೆಂಬ ಭಯದಿಂದಲೇ ಬಹುಮಂದಿ ‘ಅಲೌ’ ಒತ್ತುವುದು. ಆದರೆ ಆ ಚೌಕಟ್ಟು ಕೇಳುತ್ತಿರುವುದು ಹೊರಗಿನವರು ತಾವಾಗಿ ಒಳಬರಲು ಬಿಡಬೇಕೇ ಎಂಬುದನ್ನು ಮಾತ್ರ. ತಂತ್ರಾಂಶವು ತಾನಾಗಿ ಹೊರಗೆ ಹೋಗಿ ಉತ್ತರ ತರುವುದಕ್ಕೆ ಅಡ್ಡಿಯೇ ಇಲ್ಲ. ಬ್ರೌಸರಿನಲ್ಲಿ ನಡೆಯುವ ತರಗತಿ, ವಿಡಿಯೋ ಪಾಠ, ಮಿಂಚಂಚೆ, ಸ್ಕಾಲರ್‌ಶಿಪ್ ಅರ್ಜಿ – ಇವು ಯಾವುದಕ್ಕೂ ಆ ಅನುಮತಿ ಅಗತ್ಯವಿಲ್ಲ. ಮನೆಯೊಳಗಿನ ಎರಡು ಯಂತ್ರಗಳ ನಡುವೆ ನಡೆಯುವ ಆಟ, ಕಡತ ಕಳುಹಿಸುವ ಕೆಲವು ತಂತ್ರಾಂಶಗಳು ಮುಂತಾದವಕ್ಕೆ ಮಾತ್ರ ಅದು ಬೇಕಾಗುವುದು. ಆದುದರಿಂದ ಮೊದಲ ಸಲ ‘ಕ್ಯಾನ್ಸಲ್’ ಒತ್ತುವುದನ್ನೇ ಮನೆಯ ನಿಯಮವಾಗಿಸಿಕೊಂಡರೆ ನಷ್ಟವಾಗುವುದು ತೀರ ಕಡಮೆ. ಕೆಲಸ ನಡೆಯದೆ ಹೋದರೆ ಮೇಲೆ ಹೇಳಿದ ಪಟ್ಟಿಗೆ ಹೋಗಿ ನಿಧಾನವಾಗಿ ಗುರುತು ಹಾಕಬಹುದು.

ಇದಕ್ಕಿಂತಲೂ ಭದ್ರವಾದ ಉಪಾಯವೊಂದಿದೆ. ಅದು ಫೈರ್‌ವಾಲಿನ ಪುಟದಲ್ಲಿಲ್ಲ, ಬಳಕೆದಾರರ ಖಾತೆಗಳ ಪುಟದಲ್ಲಿದೆ. ವಿಂಡೋಸಿನಲ್ಲಿ ಎರಡು ಬಗೆಯ ಖಾತೆಗಳಿವೆ: ಎಲ್ಲ ಅಧಿಕಾರವಿರುವ ‘ಅಡ್ಮಿನಿಸ್ಟ್ರೇಟರ್’ ಮತ್ತು ಸಾಮಾನ್ಯ ಕೆಲಸಗಳಿಗೆ ಸಾಕಾಗುವ ‘ಸ್ಟ್ಯಾಂಡರ್ಡ್’. ಬಹುತೇಕ ಮನೆಗಳಲ್ಲಿ ಒಂದೇ ಖಾತೆ, ಅದೂ ಅಡ್ಮಿನಿಸ್ಟ್ರೇಟರ್, ಅದನ್ನೇ ಮಕ್ಕಳು ಸೇರಿ ಎಲ್ಲರೂ ಬಳಸುತ್ತಾರೆ. ಮಕ್ಕಳಿಗೆ ಬೇರೆ ಸ್ಟ್ಯಾಂಡರ್ಡ್ ಖಾತೆಯನ್ನು ತೆರೆದು, ಅಡ್ಮಿನಿಸ್ಟ್ರೇಟರಿನ ಪಾಸ್‌ವರ್ಡನ್ನು ತಾಯಿಯೋ ತಂದೆಯೋ ಇಟ್ಟುಕೊಂಡರೆ ಫೈರ್‌ವಾಲಿಗೆ ರಂಧ್ರ ತೆಗೆಯುವ ಅಧಿಕಾರ ಮಗುವಿನ ಬೆರಳಿಗೆ ಇರುವುದೇ ಇಲ್ಲ. ಹೊಸ ತಂತ್ರಾಂಶ ಬೇಕಾದರೆ ಮಗು ಬಂದು ಕೇಳಬೇಕು, ಏಕೆ ಬೇಕೆಂದು ಕನ್ನಡದಲ್ಲಿ ಹೇಳಬೇಕು. ಇಂಗ್ಲಿಷ್ ಚೌಕಟ್ಟನ್ನು ಓದಲಾರದ ಹಿರಿಯರು ಮಗುವಿನ ಮುಖವನ್ನು ಓದಬಲ್ಲರು. ಅಲ್ಲಿ ಅವರ ಅನುಭವ ದೊಡ್ಡದು. ಹಿರಿಯರು ಕೂಡ ದಿನನಿತ್ಯದ ಬಳಕೆಗೆ ಸ್ಟ್ಯಾಂಡರ್ಡ್ ಖಾತೆಯನ್ನೇ ಇಟ್ಟುಕೊಳ್ಳುವುದು ಮೇಲು.

ಹೊರಹೋಗುವ ಸಂಪರ್ಕಗಳ ಮೇಲೂ ಕಣ್ಣಿಡಬೇಕೆಂಬವರು ಇರಬಹುದು. ಯಂತ್ರದೊಳಗೆ ಈಗಾಗಲೇ ಸೇರಿಕೊಂಡ ಕೆಡುಕು ಮಾಹಿತಿಯನ್ನು ಹೊರಗೆ ಸಾಗಿಸುವುದನ್ನು ವಿಂಡೋಸಿನ ಮೂಲ ವ್ಯವಸ್ಥೆ ತಡೆಯುವುದಿಲ್ಲವೆಂಬ ಅವರ ಮಾತಿನಲ್ಲಿ ಹುರುಳಿದೆ. ಅಂತಹವರಿಗೆ ಟೈನಿವಾಲ್ ಎಂಬ ಪುಟ್ಟ ತಂತ್ರಾಂಶ ಒಪ್ಪುತ್ತದೆ. ಹಣ ಬೇಡ, ಮೂಲಬರಹ ಮುಕ್ತ, ಮತ್ತು ಅದು ಚೌಕಟ್ಟು ಮೂಡಿಸಿ ಪ್ರಶ್ನೆ ಕೇಳುವುದೇ ಇಲ್ಲ. ಪಟ್ಟಿಯಲ್ಲಿಲ್ಲದ ತಂತ್ರಾಂಶಗಳನ್ನೆಲ್ಲ ಅದು ಮೌನವಾಗಿ ತಡೆಯುತ್ತದೆ. ಬೇಕಾದುದನ್ನು ಮನೆಯವರೇ ಮೂಲೆಯ ಚಿಹ್ನೆಯಿಂದ ಪಟ್ಟಿಗೆ ಸೇರಿಸಬೇಕು. ಪಾಸ್‌ವರ್ಡ್ ಹಾಕಿ ಬೀಗ ಹಾಕುವ ಅವಕಾಶವೂ ಇದೆ. ಹಾಕಿದ ಮೊದಲ ದಿನ ಎಲ್ಲವೂ ನಿಂತಂತೆ ಕಂಡು ಗಾಬರಿಯಾಗುವುದುಂಟು, ಆದುದರಿಂದ ಪರೀಕ್ಷೆಯ ಹಿಂದಿನ ದಿನ ಇದನ್ನು ಆರಂಭಿಸಬಾರದು. ಸಿಂಪಲ್‌ವಾಲ್, ಪೋರ್ಟ್‌ಮಾಸ್ಟರ್ ಎಂಬವೂ ಮೂಲಬರಹ ಮುಕ್ತವಾದ ಒಳ್ಳೆಯ ತಂತ್ರಾಂಶಗಳೇ, ಆದರೆ ಅವುಗಳೊಂದಿಗೆ ಕುಳಿತು ಕಲಿಯುವ ತಾಳ್ಮೆ ಬೇಕು. ಲಿಟ್ಲ್ ಕೈಟ್ಸಿನ ಹುಡುಗಿಯೊಬ್ಬಳು ಮನೆಯಲ್ಲಿದ್ದರೆ ಅವಳಿಗೆ ಬಿಡಬಹುದು. ಯಾವುದನ್ನೇ ಆರಿಸಿದರೂ ಅದನ್ನು ತಯಾರಿಸಿದವರ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಬೇಕು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಂಡೋಸ್ 7ರ ಕಾಲ 2020ರ ಜನವರಿಯಲ್ಲಿಯೇ ಮುಗಿದಿತ್ತು. ತೇಪೆ ಬಾರದ ವ್ಯವಸ್ಥೆಯ ಮುಂದೆ ಎಂತಹ ಫೈರ್‌ವಾಲ್ ನಿಲ್ಲಿಸಿದರೂ ಅದು ಹಳೆಯ ಮನೆಗೆ ಹೊಸ ಬೀಗ ಹಾಕಿದಂತೆ. ಹನ್ನೊಂದನೆಯ ಆವೃತ್ತಿಗೆ ಹೊಂದದ ಹಳೆಯ ಯಂತ್ರವಿರುವ ಮನೆಯವರು ಮಕ್ಕಳು ಶಾಲೆಯಲ್ಲಿ ಬಳಸುವ ಲಿನಕ್ಸನ್ನೇ ಮನೆಗೂ ತರುವ ಬಗ್ಗೆ ಯೋಚಿಸುವುದು ಒಳ್ಳೆಯದು. ಅದಕ್ಕೂ ಹಣ ಕೊಡಬೇಕಾಗಿಲ್ಲ, ಮಕ್ಕಳಿಗೆ ಅದರ ಪರಿಚಯವೂ ಇದೆ.

ಅಲ್ಲಿಯ ಫೈರ್‌ವಾಲಿನ ರೀತಿ ಬೇರೆ. ಕೈಟ್‌ನ ವ್ಯವಸ್ಥೆಯು ಉಬುಂಟುವಿನ ಮೇಲೆ ನಿಂತಿದೆ. ಉಬುಂಟುವಿನಲ್ಲಿ ಯು.ಎಫ್.ಡಬ್ಲ್ಯು. ಎಂಬ ಫೈರ್‌ವಾಲ್ 2008ರಿಂದಲೂ ಜತೆಗೇ ಬರುತ್ತದೆ. ‘ಜಟಿಲವಲ್ಲದ ಫೈರ್‌ವಾಲ್’ ಎಂಬುದೇ ಆ ಹೆಸರಿನ ಅರ್ಥ. ಆದರೆ ಅದು ಆರಿದ ಸ್ಥಿತಿಯಲ್ಲಿರುತ್ತದೆ. ಎಕ್ಸ್‌ಪಿಯ ಕಥೆಯನ್ನು ಓದಿದವರಿಗೆ ಇದು ವಿಚಿತ್ರವೆನಿಸೀತು. ಉಬುಂಟುವಿನವರ ವಾದವೆಂದರೆ, ಹೊಸದಾಗಿ ಹಾಕಿದ ವ್ಯವಸ್ಥೆಯಲ್ಲಿ ಹೊರಗಿನವರಿಗಾಗಿ ಕಿವಿಗೊಟ್ಟು ಕುಳಿತ ಸೇವೆಗಳೇ ಹೆಚ್ಚುಕಡಮೆ ಇಲ್ಲ. ಬಾಗಿಲೇ ಇಲ್ಲದ ಗೋಡೆಗೆ ಕಾವಲುಗಾರ ಏಕೆ? ವಾದ ಸರಿಯೇ, ಮನೆಯವರು ಆಮೇಲೆ ಏನೇನು ಹಾಕಿಕೊಳ್ಳುತ್ತಾರೆಂಬುದು ಗೊತ್ತಿದ್ದರೆ. ಗೊತ್ತಿಲ್ಲದಿರುವಾಗ ಚಾಲೂ ಮಾಡಿಡುವುದರಿಂದ ಯಾವ ನಷ್ಟವೂ ಇಲ್ಲ. ‘ಜಿ.ಯು.ಎಫ್.ಡಬ್ಲ್ಯು.’ ಎಂಬ ಕಿಟಕಿ ರೂಪದ ಉಪಕರಣವನ್ನು ತಂತ್ರಾಂಶಗಳ ಭಂಡಾರದಿಂದ ಹಾಕಿಕೊಂಡು, ಸ್ಥಿತಿಯ ಸ್ವಿಚ್ಚನ್ನು ಒತ್ತಿ, ಒಳಬರುವುದಕ್ಕೆ ‘ಡಿನೈ’, ಹೊರಹೋಗುವುದಕ್ಕೆ ‘ಅಲೌ’ ಎಂದಿದ್ದರೆ ಮುಗಿಯಿತು. ಇದನ್ನು ಬದಲಿಸಲು ಪ್ರತಿಸಲವೂ ಪಾಸ್‌ವರ್ಡ್ ಬೇಕು. ಬೆರಳಿನ ಸಮಸ್ಯೆ ಇಲ್ಲಿ ತಾನಾಗಿಯೇ ಅರ್ಧ ಪರಿಹಾರವಾಗುತ್ತದೆ.

ಫೈಬರ್ ಸಂಪರ್ಕವಿರುವ ಮನೆಗಳಲ್ಲಿ ಗೋಡೆಗೆ ತೂಗುಹಾಕಿದ ರೂಟರ್ ಎಂಬ ಪೆಟ್ಟಿಗೆಯೂ ಒಂದು ಕಾವಲೇ. ಮನೆಯ ಎಲ್ಲ ಯಂತ್ರಗಳ ಮುಂದೆ ಅದೇ ಮೊದಲು ನಿಲ್ಲುವುದು. ಅದರ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಉಳಿದಿದ್ದರೆ ಅದು ಯಾರಿಗೂ ಗುಟ್ಟಲ್ಲ. 2016ರ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಅಂತಹ ಅರುವತ್ತರಷ್ಟು ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಮಾತ್ರ ಹಿಡಿದುಕೊಂಡು ಲಕ್ಷಾಂತರ ರೂಟರ್, ಕ್ಯಾಮರಾಗಳನ್ನು ವಶಪಡಿಸಿಕೊಂಡಿತ್ತು. ಸಂಪರ್ಕ ಕೊಟ್ಟ ಕೇಬಲಿನವರನ್ನು ಕರೆದು ಆ ಪಾಸ್‌ವರ್ಡನ್ನು ಬದಲಿಸಲು, ದೂರದಿಂದ ನಿರ್ವಹಿಸುವ ಸೌಲಭ್ಯ ಅಗತ್ಯವಿಲ್ಲದಿದ್ದರೆ ಮುಚ್ಚಲು, ಯು.ಪಿ.ಎನ್.ಪಿ. ಎಂಬುದನ್ನು ಆರಿಸಲು ಹೇಳಬೇಕು. ಕೊನೆಯದು ಒಳಗಿನ ಯಾವ ತಂತ್ರಾಂಶ ಕೇಳಿದರೂ ಪ್ರಶ್ನೆಯಿಲ್ಲದೆ ಬಾಗಿಲು ತೆರೆದುಕೊಡುವ ಸೌಲಭ್ಯ.

ಇಷ್ಟೆಲ್ಲ ಮಾಡಿದ ಮೇಲೂ ಫೈರ್‌ವಾಲ್ ತಡೆಯಲಾರದ ಒಂದು ದಾರಿಯಿದೆ, ಮತ್ತು ಮನೆಗಳ ಹಣ ಹೋಗುತ್ತಿರುವುದು ಹೆಚ್ಚಾಗಿ ಅದೇ ದಾರಿಯಲ್ಲಿ. ಬ್ಯಾಂಕಿನಿಂದ ಕರೆಯುತ್ತಿದ್ದೇವೆಂದು ಹೇಳಿ, ನೆರವಿನ ನೆವದಲ್ಲಿ ದೂರದಿಂದ ಪರದೆ ನೋಡುವ ತಂತ್ರಾಂಶವೊಂದನ್ನು ಹಾಕಿಸುತ್ತಾರೆ. ಅದು ಒಳಗಿನಿಂದ ಹೊರಗೆ ಹೋಗಿ ಕಟ್ಟುವ ಸಂಪರ್ಕವಾದುದರಿಂದ ‘ಹೊರಹೋಗುವುದು ಮುಕ್ತ’ ಎಂಬ ನಿಯಮದ ಅಡಿಯಲ್ಲಿ ಸಲೀಸಾಗಿ ದಾಟುತ್ತದೆ. ಮನೆಯವರೇ ಬಾಗಿಲು ತೆರೆದು ಕರೆತಂದ ಅತಿಥಿಯನ್ನು ಕಾವಲುಗಾರ ಏಕೆ ತಡೆದಾನು? ಹಣ ಹೋದುದು ಗೊತ್ತಾದ ಕೂಡಲೇ 1930ಕ್ಕೆ ಕರೆಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಎಚ್ಚರಿಕೆಯ ಪ್ರಕಟಣೆಗಳು ಮಲಯಾಳದಲ್ಲಿಯೋ ಇಂಗ್ಲಿಷಿನಲ್ಲಿಯೋ ಬಂದಾಗ ಅವುಗಳನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳುವ ಕೆಲಸವನ್ನು ಶಾಲೆಯ ಮಕ್ಕಳೇ ವಹಿಸಿಕೊಳ್ಳಬಹುದು.

ಚೌಕಟ್ಟಿನ ಭಾಷೆಯನ್ನೇ ಬದಲಿಸಲಾಗದೇ ಎಂಬ ಪ್ರಶ್ನೆ ಉಳಿಯಿತು. ವಿಂಡೋಸಿಗೆ ಕನ್ನಡದ ಭಾಷಾ ಪೊಟ್ಟಣವಿದೆ. ಸೆಟ್ಟಿಂಗ್ಸಿನ ‘ಟೈಮ್ ಆಂಡ್ ಲ್ಯಾಂಗ್ವೇಜ್’ ಭಾಗದಲ್ಲಿ ಕನ್ನಡವನ್ನು ಸೇರಿಸಿ, ಪ್ರದರ್ಶನದ ಭಾಷೆಯಾಗಿ ಆರಿಸಿದರೆ ಪರದೆಯ ಬಹುಭಾಗ ಕನ್ನಡವಾಗುತ್ತದೆ. ಎಲ್ಲವೂ ಅಲ್ಲ, ಆಳದ ಕೆಲವು ಪುಟಗಳು ಇಂಗ್ಲಿಷಿನಲ್ಲಿಯೇ ಉಳಿಯುತ್ತವೆ. ಭಾರತದಲ್ಲಿ ಮಾರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಎಂಬ ಆವೃತ್ತಿ ಇರುತ್ತದೆ. ಹೆಸರೇ ಹೇಳುವಂತೆ ಅದರಲ್ಲಿ ಪ್ರದರ್ಶನದ ಭಾಷೆಯನ್ನು ಬದಲಿಸುವ ಅವಕಾಶವಿಲ್ಲ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಇದನ್ನು ವಿಚಾರಿಸುವವರು ವಿರಳ. ಇನ್ನು ಮುಂದೆ ಕೊಳ್ಳುವವರಾದರೂ ವಿಚಾರಿಸಬಹುದು. ಈಗಾಗಲೇ ಅಂತಹ ಯಂತ್ರವಿರುವ ಮನೆಯಲ್ಲಿ ಮಗುವಿನ ಕೈಯಿಂದಲೇ ಒಂದು ಚೀಟಿ ಬರೆಸಿ ಪರದೆಯ ಅಂಚಿಗೆ ಅಂಟಿಸಿಟ್ಟರೆ ಸಾಕು: ‘ಅಲೌ’ ಎಂದರೆ ಬಿಡು, ‘ಬ್ಲಾಕ್’, ‘ಡಿನೈ’ ಎಂದರೆ ತಡೆ, ‘ಕ್ಯಾನ್ಸಲ್’ ಎಂದರೆ ಈಗ ಬೇಡ.